ಜರಡಿಯಲ್ಲದ ಜರಡಿ: ಹಳೆಯ ಯೆಜ್ಡಿಯ ಗಾಳಿಶೋಧಕ

ಭತ್ತದ ಕೊಯ್ಲಿನ ದಿನಗಳಲ್ಲಿ ಮಲೆಬೆನ್ನೂರಿನ ಸುತ್ತಮುತ್ತ ಮೋಟಾರ್ ಸೈಕಲ್ ಓಡಿಸಿದವರಿಗೆ ಅಲ್ಲಿನ ಧೂಳಿನ ಪರಿಚಯ ಮಾಡಿಕೊಡಬೇಕಿಲ್ಲ. ಒಂದು ಕಡೆ ಭದ್ರಾ ನಾಲೆಯ ಏರಿಯ ಮಣ್ಣು, ಇನ್ನೊಂದು ಕಡೆ ರೈಸ್ ಮಿಲ್ಲುಗಳಿಂದ ಹಾರಿಬರುವ ಹೊಟ್ಟಿನ ಬೂದಿ. 1980ರ ದಶಕದ ಕೊನೆಯಲ್ಲಿ, ಕಾಲೇಜು ವಿದ್ಯಾರ್ಥಿಯಾಗಿದ್ದಾಗ, ಈ ಹಾದಿಯಲ್ಲಿ ನಾನು ಓಡಿಸುತ್ತಿದ್ದುದು ಮನೆಯ ಹಳೆಯ ಯೆಜ್ಡಿ. ಹ್ಯಾಂಡಲ್ ಎತ್ತರಿಸಿ, ಮಣ್ಣುಹಾದಿಯ ಟೈರು ಹಾಕಿಸಿಕೊಂಡಿದ್ದೆ. ‘ಪಿಕಪ್ ಬರಬೇಕಾದರೆ ಏರ್ ಫಿಲ್ಟರ್ ತೆಗೆದುಬಿಡಿ’ ಎಂಬ ಗ್ಯಾರೇಜಿನ ಸಲಹೆಯನ್ನೂ ನಂಬಿದೆ. ಒಂದು ಸುಗ್ಗಿ ಕಳೆಯುವುದರೊಳಗೆ ಸಿಲಿಂಡರನ್ನು ಬೋರ್ ಮಾಡಿಸಬೇಕಾಯಿತು. ಭೌತಶಾಸ್ತ್ರದ ವಿದ್ಯಾರ್ಥಿಗೆ ಇದು ನಾಚಿಕೆಯ ಸಂಗತಿಯೇ ಸರಿ.

ಈ ವಾಹನದ ಮೂಲ ಪ್ರಾಗ್ ನಗರ. ಅಲ್ಲಿ ಫ್ರಾಂಟಿಶೆಕ್ ಯಾನೆಚೆಕ್ 1929ರಲ್ಲಿ ಆರಂಭಿಸಿದ ಜಾವಾ ಮೋಟಾರ್ ಸೈಕಲ್ಲುಗಳನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ತಯಾರಿಸತೊಡಗಿತು. 1973ರಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆದ್ದರಿಂದ ಇಂದು ಉಳಿದಿರುವ ಪ್ರತಿಯೊಂದು ಹಳೆಯ ಸಿಲಿಂಡರಿಗೂ ಬೆಲೆಯಿದೆ. ಅದರ ಒಳವ್ಯಾಸ 65 ಮಿಲಿಮೀಟರ್. ಸವೆದಾಗ ಕಾಲು ಮಿಲಿಮೀಟರಿನಷ್ಟು ಹಿಗ್ಗಿಸಿ ದೊಡ್ಡ ಪಿಸ್ಟನ್ ಕೂರಿಸಬಹುದು; ಹೀಗೆ ಕೆಲವು ಬಾರಿ ಮಾತ್ರ. ಅನಂತರ ಹೊಸ ಲೈನರ್ ಹಾಕಿಸದೆ ಗತಿಯಿಲ್ಲ.

ಧೂಳು ಎಷ್ಟು ಒಳಹೋದೀತು? ಲೆಕ್ಕ ಹಾಕೋಣ. ಎರಡು ಸ್ಟ್ರೋಕ್‌ನ 250 ಘನ ಸೆಂಟಿಮೀಟರ್ ಎಂಜಿನ್ ನಿಮಿಷಕ್ಕೆ 4000 ಬಾರಿ ಸುತ್ತಿದರೆ, ಗರಿಷ್ಠ 1000 ಲೀಟರ್ ಗಾಳಿ ಎಳೆದುಕೊಳ್ಳಬೇಕು. ಸಿಲಿಂಡರ್ ಪೂರ್ತಿ ತುಂಬುವುದಿಲ್ಲವಾದ್ದರಿಂದ 600 ಲೀಟರ್ ಎನ್ನೋಣ. ವಿಶ್ರಾಂತಿಯಲ್ಲಿರುವ ಮನುಷ್ಯ ನಿಮಿಷಕ್ಕೆ ಉಸಿರಾಡುವುದು 6ರಿಂದ 8 ಲೀಟರ್. ಅಂದರೆ ಎರಡು ತರಗತಿಗಳ ಮಕ್ಕಳೆಲ್ಲ ಸೇರಿ ಉಸಿರಾಡುವಷ್ಟನ್ನು ಈ ಒಂದು ಯಂತ್ರ ಎಳೆಯುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿ 10 ಮಿಲಿಗ್ರಾಂ ಧೂಳಿದೆಯೆಂದು ಊಹಿಸಿದರೆ, ಗಂಟೆಗೆ 360 ಮಿಲಿಗ್ರಾಂ. ಒಂದು ಚಿಟಿಕೆಗಿಂತ ಹೆಚ್ಚಲ್ಲ, ನಿಜ. ಆದರೆ ಮಣ್ಣಿನ ಧೂಳಿನಲ್ಲಿರುವ ಕ್ವಾರ್ಟ್ಜ್‌ನ ಕಾಠಿಣ್ಯ ಮೋಸ್ ಮಾನದಲ್ಲಿ 7. ಭತ್ತದ ಹೊಟ್ಟಿನ ಬೂದಿಯಲ್ಲೂ ಬಹುಪಾಲು ಸಿಲಿಕಾವೇ. ಎರಡು ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ ಮೊದಲು ಕ್ರ್ಯಾಂಕ್‌ಕೇಸನ್ನು ಹಾದು ಆಮೇಲೆ ಸಿಲಿಂಡರಿಗೆ ಹೋಗುತ್ತದೆ. ಪೆಟ್ರೋಲಿನೊಡನೆ ಬೆರೆತ ಎಣ್ಣೆಗೆ ಧೂಳು ಅಂಟಿತೆಂದರೆ ಸಾಣೆ ಹಿಡಿಯುವ ಪೇಸ್ಟ್ ಸಿದ್ಧವಾದಂತೆ. ಬೇರಿಂಗ್‌ನಿಂದ ಹಿಡಿದು ಪಿಸ್ಟನ್‌ವರೆಗೆ ಎಲ್ಲವೂ ಸವೆಯುತ್ತವೆ.

ಶೋಧಕ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಜರಡಿ. ಆದರೆ ಸ್ಪಂಜಿನ ಶೋಧಕದ ರಂಧ್ರಗಳು ಧೂಳಿನ ಕಣಗಳಿಗಿಂತ ಹತ್ತಾರು ಪಟ್ಟು ದೊಡ್ಡವು. ಹಾಗಾದರೆ ಕಣ ಸಿಕ್ಕಿಕೊಳ್ಳುವುದು ಹೇಗೆ? ಗಾಳಿ ಎಳೆಗಳ ನಡುವೆ ಬಳುಕುತ್ತ ತಿರುಗುತ್ತದೆ. ಭಾರವಾದ ಕಣ ಜಡತ್ವದಿಂದಾಗಿ ತಿರುಗಲಾರದೆ ಎಳೆಗೆ ಬಡಿಯುತ್ತದೆ. ಈ ಪರಿಣಾಮ ಕಣದ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿದೆ: 10 ಮೈಕ್ರೋಮೀಟರಿನ ಕಣಕ್ಕೆ 1 ಮೈಕ್ರೋಮೀಟರಿನ ಕಣದ ನೂರು ಪಟ್ಟು. ಅತಿ ಸಣ್ಣ ಕಣಗಳಾದರೋ ಬ್ರೌನಿಯನ್ ಚಲನೆಯಿಂದ ಅತ್ತಿತ್ತ ಅಲೆದು ಎಳೆಗೆ ತಗಲುತ್ತವೆ. ಎರಡರ ನಡುವೆ, ಸುಮಾರು 0.3 ಮೈಕ್ರೋಮೀಟರಿನವು ಹಿಡಿಯಲು ಅತಿ ಕಷ್ಟ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಷಾನಿಲದ ಮುಖವಾಡಗಳಿಗಾಗಿ ಇರ್ವಿಂಗ್ ಲ್ಯಾಂಗ್ಮ್ಯೂರ್ ಈ ವಿಷಯವನ್ನು ಅಧ್ಯಯನ ಮಾಡಿದ್ದರು. ಎಂಜಿನ್ನನ್ನು ಹೆಚ್ಚು ಸವೆಸುವುದು ದೊಡ್ಡ ಕಣಗಳಾದ್ದರಿಂದ ನಮಗೆ ಅದರ ಚಿಂತೆ ಕಡಿಮೆ. ಆದರೆ ಬಡಿದ ಕಣ ಪುಟಿದು ಮುಂದೆ ಹೋಗಬಾರದಲ್ಲ? ಅದಕ್ಕೇ ಎಣ್ಣೆ. ನಿಜವಾಗಿ ಧೂಳನ್ನು ಹಿಡಿದಿಡುವುದು ಎಣ್ಣೆಯೇ. ಸ್ಪಂಜು ಅದಕ್ಕೆ ಆಸರೆ.

ರೈತರಿಗೆ ಇದು ಹೊಸದಲ್ಲ. ಹಳೆಯ ಟ್ರಾಕ್ಟರುಗಳ ಗಾಳಿಶೋಧಕದ ತಳದಲ್ಲಿ ಎಣ್ಣೆಯ ಬಟ್ಟಲಿರುತ್ತದೆ. ಗಾಳಿ ಕೆಳಗಿಳಿದು ಎಣ್ಣೆಗೆ ಬಡಿದು, ಥಟ್ಟನೆ ಮೇಲಕ್ಕೆ ತಿರುಗಿ, ಎಣ್ಣೆ ನೆಂದ ತಂತಿಬಲೆಯ ಮೂಲಕ ಹೋಗುತ್ತದೆ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಿಂದಾಗಿ ನಮ್ಮ ಕಡೆಯವರಿಗೆ ಲೇತ್ ಪರಿಚಿತ. ಲೇತ್‌ನ ಹಾಸನ್ನು ಒರೆಸುವ ಎಣ್ಣೆ ಹೀರಿದ ಫೆಲ್ಟ್ ತುಂಡಿನದೂ ಹೆಚ್ಚು ಕಡಿಮೆ ಇದೇ ಕೆಲಸ. ಆದರೆ ಗುಡ್ಡ ಹಾರುವ ಬೈಕಿನಲ್ಲಿ ಬಟ್ಟಲಿನ ಎಣ್ಣೆ ಚೆಲ್ಲಿಹೋಗುತ್ತದೆ. ಕಾಗದದ ಶೋಧಕ ಕೆಸರುನೀರಿಗೆ ಕಟ್ಟಿಕೊಳ್ಳುತ್ತದೆ. ಜೋಯೆಲ್ ರೊಬೆರ್ 1964ರಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವಪ್ರಶಸ್ತಿ ಗೆದ್ದದ್ದು ಜಾವಾದ ಸೋದರ ಸಂಸ್ಥೆ ಸಿಜೆಡ್‌ನ ಬೈಕಿನಲ್ಲಿ. ಆ ಕಾಲದಿಂದೀಚೆಗೆ ಮಣ್ಣುಹಾದಿಯ ಬೈಕುಗಳಲ್ಲಿ ಎಣ್ಣೆ ಹೀರಿದ ಸ್ಪಂಜು ನೆಲೆಯೂರಿತು. ಸ್ಪಂಜಿನ ವಸ್ತು ಪಾಲಿಯೂರಿಥೇನ್. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಕಂಡುಹಿಡಿದದ್ದು.

ಹಳೆಯ ಬೈಕಿನ ಅಪಾಯ ಇರುವುದೂ ಈ ವಸ್ತುವಿನಲ್ಲೇ. ಕೆಲವು ಬಗೆಯ ಪಾಲಿಯೂರಿಥೇನ್ ಗಾಳಿಯ ತೇವದೊಡನೆ ವರ್ತಿಸಿ ವರ್ಷಗಳು ಕಳೆದಂತೆ ಒಡೆಯುತ್ತದೆ. ಧೂಳು ತಡೆಯಬೇಕಾದ ಸ್ಪಂಜೇ ಪುಡಿಯಾಗಿ ಎಂಜಿನ್ ಸೇರುತ್ತದೆ. ಬೆರಳಲ್ಲಿ ಹಿಸುಕಿ ನೋಡಿ. ಚೂರು ಕಿತ್ತುಬಂದರೆ ತೊಳೆಯುವ ಶ್ರಮ ಬೇಡ, ಎಸೆಯಿರಿ. ಗಟ್ಟಿಯಿದ್ದರೆ ಸೋಪಿನ ಬೆಚ್ಚನೆ ನೀರಿನಲ್ಲಿ ಅದ್ದಿ ಹಿಂಡಬೇಕು. ಬಟ್ಟೆ ಹಿಂಡಿದಂತೆ ತಿರುಚಿದರೆ ಅಂಟಿನ ಜೋಡಣೆ ಬಿಡುತ್ತದೆ. ಪೆಟ್ರೋಲಿನಲ್ಲಿ ತೊಳೆಯುವ ರೂಢಿ ಬೆಂಕಿಗೆ ಆಹ್ವಾನ. ಕಂಪ್ರೆಸರ್‌ನಿಂದ ಊದಿದರೆ ಸ್ಪಂಜು ಹರಿಯುತ್ತದೆ. ಊದುವವನ ಶ್ವಾಸಕೋಶಕ್ಕೂ ಸಿಲಿಕಾ ಹೋಗುತ್ತದೆ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆ ಅಂಟುಗುಣದ ಫಿಲ್ಟರ್ ಎಣ್ಣೆ ಹಾಕಿ, ಎಲ್ಲೆಡೆ ಒಂದೇ ಬಣ್ಣ ಬರುವವರೆಗೆ ಹಿಸುಕಿ, ಹೆಚ್ಚಿನದನ್ನು ಹಿಂಡಿ ತೆಗೆಯಬೇಕು. ಎಣ್ಣೆ ಅತಿಯಾದರೆ ಗಾಳಿ ಕಡಿಮೆಯಾಗಿ ಪ್ಲಗ್ ಕಪ್ಪಾಗುತ್ತದೆ. ಶೋಧಕವನ್ನೇ ತೆಗೆದರೆ ಗಾಳಿ ಹೆಚ್ಚಾಗಿ ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳಲೂಬಹುದು. ನನಗೆ ಸಿಕ್ಕ ‘ಪಿಕಪ್’ ಇಂಥದ್ದು.

ಅಂಚಿಗೆ ತುಸು ಗ್ರೀಸ್ ಸವರಿ ಕೂರಿಸಿದರೆ ಗಾಳಿ ಪಕ್ಕದಿಂದ ನುಸುಳದು. ಮುಂದಿನ ಬಾರಿ ಬಿಚ್ಚಿದಾಗ ಕಾರ್ಬುರೇಟರ್ ಕಡೆಯ ಕೊಳವೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಮಣ್ಣು ಹತ್ತಿದರೆ ಧೂಳು ಎಲ್ಲಿಂದಲೋ ದಾರಿ ಮಾಡಿಕೊಂಡಿದೆ ಎಂದರ್ಥ. ಬೈಕನ್ನು ಓಡಿಸುವ ಮೊದಲು ಅದನ್ನು ಹುಡುಕಬೇಕು.