ಬೆಳ್ಳಿ ಲೋಟ, ಮಣ್ಣಿನ ಕುಡಿಕೆ

ಇವತ್ತು ಒಂದು ಡ್ರಿಂಕ್ಸ್ ಕತೆ. ನಗಬೇಡಿ, ಕೊನೆತನಕ ಓದಿ.

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಪ್ರತಿವರ್ಷ ಮೇ ತಿಂಗಳ ಮೊದಲ ಶನಿವಾರ ಕೆಂಟಕಿ ಡರ್ಬಿ ಅನ್ನೋ ದೊಡ್ಡ ಕುದುರೆ ರೇಸು. ಆವತ್ತು ಮಿಂಟ್ ಜೂಲೆಪ್ ಕುಡಿಯೋದು ಅಲ್ಲಿನ ಸಂಪ್ರದಾಯ. ಏಳೆಂಟು ಪುದೀನ ಎಲೆ, ಎರಡು ಚಮಚ ಸಕ್ಕರೆ ಪಾಕ ಹಾಕಿ ಮೆಲ್ಲಗೆ ಒತ್ತಬೇಕು. ಚಟ್ನಿ ಥರ ಅರೆದರೆ ಕಹಿ ಬಿಡುತ್ತೆ. ಅದಕ್ಕೆ 60 ಎಂ.ಎಲ್. ಬರ್ಬನ್, ಅಂದ್ರೆ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ ಇರುವ ವಿಸ್ಕಿ. ಮೇಲೆ ಪುಡಿ ಮಾಡಿದ ಐಸಿನ ಗುಡ್ಡೆ, ಒಂದು ಪುದೀನ ಕುಡಿ. ದೊಡ್ಡವರ ಮನೆಯದಾದರೆ ಬೆಳ್ಳಿ ಲೋಟ. ಲೋಟದ ಹೊರಮೈಗೆ ಮಂಜು ಕಟ್ಟುತ್ತೆ, ಅಂಗೈ ತಾಗಿದರೆ ಅಳಿಸುತ್ತೆ, ಅದಕ್ಕೇ ಅಂಚು ಇಲ್ಲವೇ ತಳ ಹಿಡೀಬೇಕಂತೆ. ಜೂಲೆಪ್ ಅನ್ನೋ ಹೆಸರಿನ ಬೇರು ಪರ್ಷಿಯನ್ 'ಗುಲಾಬ್', ಪನ್ನೀರು. ನಮ್ಮ ಗುಲಾಬಿಗೂ ಅದೇ ಬೇರು.

ಈಗ ಆ ಲೋಟ ತುಂಬಿಸಿದ ಕೈಗಳಿಗೆ ಬರೋಣ.

ವರ್ಜೀನಿಯಾದ ರಿಚ್ಮಂಡ್‌ನಲ್ಲಿ ಜೂಲೆಪ್‌ಗೆ ಹೆಸರಾಗಿದ್ದ ಜಾನ್ ಡಾಬ್ನಿ ಗುಲಾಮ. ಮಾಲೀಕರು ಅವನನ್ನು ಕೂಲಿಗೆ ಬಿಟ್ಟಿದ್ದರು, ದುಡಿಮೆಯ ಹಣದಲ್ಲಿ ಅವರಿಗೂ ಪಾಲು ಹೋಗುತ್ತಿತ್ತು. ಉಳಿದದ್ದರಲ್ಲಿ ಅವನು ಹೆಂಡತಿಯ ಬಿಡುಗಡೆ ಕೊಂಡ. ತನ್ನದನ್ನು ಕಂತಿನಲ್ಲಿ ಕೊಳ್ಳುತ್ತಿದ್ದಾಗ ಯುದ್ಧ ಮುಗಿದು ಗುಲಾಮಗಿರಿಯೇ ಹೋಯ್ತು. ಆದರೂ ಬಾಕಿ ಹಣ ಕಟ್ಟಿದ! ಬಿಳಿಯರು ಇದನ್ನು ಪ್ರಾಮಾಣಿಕತೆ ಅಂತ ಕೊಂಡಾಡಿದರು. ತನ್ನ ಮೈಗೆ ತಾನೇ ಸಾಲ ತೀರಿಸೋದು ನನಗೆ ಹೊಟ್ಟೆ ಉರಿಸುವ ಸಂಗತಿ.

ಇನ್ನೊಬ್ಬ ಟಾಮ್ ಬುಲಕ್, 1872ರಲ್ಲಿ ಲೂಯಿವಿಲ್‌ನಲ್ಲಿ ಹುಟ್ಟಿದವನು. ಅಲ್ಲಿನ ಪೆಂಡೆನಿಸ್ ಕ್ಲಬ್, ಆಮೇಲೆ ಸೇಂಟ್ ಲೂಯಿಸ್‌ನ ಕಂಟ್ರಿ ಕ್ಲಬ್. 1913ರಲ್ಲಿ ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್, ತನ್ನನ್ನು ಕುಡುಕ ಅಂದ ಪತ್ರಿಕೆಯ ಮೇಲೆ ಮಾನನಷ್ಟ ಕೇಸು ಹಾಕಿ, ಆ ಕ್ಲಬ್ಬಿನ ಜೂಲೆಪ್ ಒಂದೆರಡು ಗುಟುಕು ಕುಡಿದಿದ್ದೆ ಅಷ್ಟೇ ಅಂದ. ಸೇಂಟ್ ಲೂಯಿಸ್‌ನ ಪತ್ರಿಕೆಯೊಂದು ಟಾಮ್ ಮಾಡಿದ್ದನ್ನು ಅರ್ಧಕ್ಕೆ ಬಿಡೋರು ಯಾರಪ್ಪಾ ಅಂತ ಗೇಲಿ ಮಾಡಿತು. 1917ರಲ್ಲಿ ಟಾಮ್ 'ದಿ ಐಡಿಯಲ್ ಬಾರ್‌ಟೆಂಡರ್' ಪುಸ್ತಕ ತಂದ. ಮುನ್ನುಡಿ ಜಾರ್ಜ್ ಹರ್ಬರ್ಟ್ ವಾಕರ್‌ದು, ಮುಂದೆ ಅಧ್ಯಕ್ಷನಾದ ಹಿರಿಯ ಬುಷ್‌ನ ತಾತ.

ಇಲ್ಲಿ ನನಗೆ ಒಂದು ಪ್ರಶ್ನೆ ಏಳುತ್ತೆ. ಅವರು ಕರಿಯನ ಕೈಯಿಂದ ಕುಡಿದರು, ಪಕ್ಕ ಕೂರಿಸಿಕೊಳ್ಳಲಿಲ್ಲ. ನಮ್ಮಲ್ಲಿ ಕೈಯೇ ಮೈಲಿಗೆ. 1876ರಲ್ಲಿ ಧಾರವಾಡದಲ್ಲಿ ಹುಟ್ಟಿದ ಪಾಲ್ವಣಕರ್ ಬಾಳೂ, ಚಮ್ಮಾರ ಸಮುದಾಯದ ಸ್ಪಿನ್ ಬೌಲರ್. ಪುಣೆಯಲ್ಲಿ ಹಿಂದೂ ತಂಡ ಗೆಲ್ಲೋಕೆ ಅವನ ಬೆರಳು ಬೇಕಿತ್ತು. ಟೀ ಹೊತ್ತಿಗೆ ಮಾತ್ರ ಅವನಿಗೆ ಪೆವಿಲಿಯನ್ ಹೊರಗೆ, ಬಿಸಾಡೋ ಮಣ್ಣಿನ ಕುಡಿಕೆ. (1937ರ ಚುನಾವಣೆಯಲ್ಲಿ ಬಾಬಾಸಾಹೇಬರ ವಿರುದ್ಧವೇ ನಿಂತು ಸೋತ, ಅದು ಬೇರೆ ಕತೆ.) ಎಷ್ಟೇ ಗೆಲ್ಲಿಸಿದರೂ ನಾಯಕತ್ವ ಕೊಡಲಿಲ್ಲ. 1923ರಲ್ಲಿ ತಮ್ಮ ವಿಠ್ಠಲನಿಗೆ ಸಿಕ್ಕಿತು.

ರೇಸಿನ ಮೈದಾನವೂ ಹಾಗೇ. 1875ರ ಮೊದಲ ಡರ್ಬಿಯಲ್ಲಿ 15 ಜಾಕಿಗಳಲ್ಲಿ 13 ಜನ ಕರಿಯರು. ಗೆದ್ದವನು ಆಲಿವರ್ ಲೂಯಿಸ್, ಕುದುರೆ ಪಳಗಿಸಿದವನು ಗುಲಾಮನಾಗಿದ್ದ ಆನ್ಸೆಲ್ ವಿಲಿಯಮ್ಸನ್. ಮೊದಲ 28 ಡರ್ಬಿಗಳಲ್ಲಿ 15 ಕರಿಯ ಜಾಕಿಗಳದ್ದು. ಈ ಕಸುಬಿನಲ್ಲಿ ದುಡ್ಡಿದೆ ಅಂತ ಗೊತ್ತಾದಾಗ ಬಿಳಿ ಜಾಕಿಗಳು ಓಟದಲ್ಲೇ ಅವರ ಕುದುರೆಗಳನ್ನು ಬೇಲಿಗೆ ಒತ್ತತೊಡಗಿದರು, ಮಾಲೀಕರು ಸವಾರಿ ಕೊಡೋದು ನಿಲ್ಲಿಸಿದರು. 1921ರ ನಂತರ 2000ದವರೆಗೆ ಒಬ್ಬ ಕರಿಯ ಜಾಕಿಯೂ ಡರ್ಬಿಯಲ್ಲಿ ಓಡಲಿಲ್ಲ.

1901, 1902 ಎರಡೂ ವರ್ಷ ಗೆದ್ದ ಜಿಮ್ಮಿ ವಿಂಕ್‌ಫೀಲ್ಡ್ ದೇಶ ಬಿಟ್ಟು ರಷ್ಯಾಕ್ಕೆ ಹೋದ, ಅಲ್ಲೂ ಗೆದ್ದ, ಕ್ರಾಂತಿಯಾದಾಗ ಫ್ರಾನ್ಸ್ ಸೇರಿದ. 1961ರಲ್ಲಿ, ಎಂಬತ್ತರ ಹತ್ತಿರದ ಮುದುಕನಾಗಿ, ಡರ್ಬಿಯ ಮುನ್ನಾದಿನಗಳ ಔತಣಕ್ಕೆ ಆಹ್ವಾನದ ಮೇಲೆ ಮಗಳ ಜೊತೆ ಲೂಯಿವಿಲ್‌ಗೆ ಬಂದ. ಹೋಟೆಲಿನ ಬಾಗಿಲಲ್ಲಿ ತಡೆದರು. ಆಹ್ವಾನ ಇದೆ ಅಂತ ಹೇಳಿ, ಕಾದು, ಆಮೇಲೆ ಒಳಗೆ ಹೋದರು. ಒಳಗೂ ಮಾತಾಡಿಸಿದವರು ಕಡಿಮೆ.