ಅಹ್ಮದ್ ಪಟೇಲ್: ಅಧಿಕಾರಕ್ಕೆ ಹತ್ತಿರ, ಮತಪೆಟ್ಟಿಗೆಗೆ ದೂರ

‘ನಮ್ಮವರು ಒಬ್ಬರಾದರೂ ಮೇಲೆ ಇದ್ದಾರಲ್ಲ, ಅಷ್ಟು ಸಾಕು.’ ಚುನಾವಣೆ ಬಂದಾಗ ಮಸೀದಿಯ ಅಂಗಳದಲ್ಲೋ, ಮದುವೆ ಮನೆಯಲ್ಲೋ ಈ ಮಾತನ್ನು ನೀವು ಕೇಳಿರುತ್ತೀರಿ. ನೀವೇ ಆಡಿರಲೂಬಹುದು. ಈ ಮಾತು ಎಷ್ಟು ನಿಜ ಎಂದು ಪರೀಕ್ಷಿಸಲು ಗುಜರಾತಿನ ಅಹ್ಮದ್ ಪಟೇಲರ ರಾಜಕೀಯ ಜೀವನಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಅವರು ದಿಲ್ಲಿಯ ರಾಜಕೀಯದಲ್ಲಿದ್ದರು. ಒಂದು ದಿನವೂ ಮಂತ್ರಿಯಾಗಲಿಲ್ಲ. ಆದರೂ ಹಲವು ಮಂತ್ರಿಗಳು ಅವರ ಮನೆ ಬಾಗಿಲಲ್ಲಿ ಕಾದರು. ಇಂಥವರ ಲೆಕ್ಕವನ್ನು ನಾವು ಹೇಗೆ ಬರೆಯಬೇಕು?

ಅಹಮದಾಬಾದಿನಿಂದ ಸೂರತ್‌ಗೆ ರೈಲು ಹತ್ತಿದರೆ ಮೊದಲು ವಡೋದರಾ ಸಿಗುತ್ತದೆ, ಆಮೇಲೆ ಭರೂಚ್. ಅಲ್ಲಿ ನರ್ಮದೆಯನ್ನು ದಾಟಿದರೆ ಅಂಕಲೇಶ್ವರ. ಅದರ ಪಕ್ಕದ ಪಿರಾಮಣ್ ಎಂಬ ಹಳ್ಳಿಯಲ್ಲಿ 1949ರ ಆಗಸ್ಟ್ 21ರಂದು ಅಹ್ಮದ್ ಪಟೇಲ್ ಹುಟ್ಟಿದರು. ತಾಲ್ಲೂಕು ಪಂಚಾಯ್ತಿ ಮಟ್ಟದಿಂದ ರಾಜಕೀಯ ಶುರು ಮಾಡಿ 1977ರಲ್ಲಿ ಭರೂಚ್‌ನಿಂದ ಲೋಕಸಭೆಗೆ ನಿಂತು ಗೆದ್ದರು. ಆಗ ಅವರಿಗೆ 28 ತುಂಬಿರಲಿಲ್ಲ.

ಅದು ಎಂಥ ಚುನಾವಣೆ ಎಂದು ನೆನಪಿಸಿಕೊಳ್ಳಿ. ತುರ್ತು ಪರಿಸ್ಥಿತಿ ಮುಗಿಯುವ ಹಂತದಲ್ಲಿತ್ತು, ಇಂದಿರಾ ಗಾಂಧಿಯವರೇ ರಾಯಬರೇಲಿಯಲ್ಲಿ ಸೋತರು. ಸೂರತ್‌ನಿಂದ ಗೆದ್ದ ಮೊರಾರ್ಜಿ ದೇಸಾಯಿ ಪ್ರಧಾನಿಯಾದರು. ಗುಜರಾತಿನ 26 ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ ಸಿಕ್ಕಿದ್ದು 10. ಆ ಹತ್ತರಲ್ಲಿ ಇಬ್ಬರು ಮುಸ್ಲಿಮರು. ಒಬ್ಬರು ಭರೂಚ್‌ನ ಪಟೇಲ್, ಇನ್ನೊಬ್ಬರು ಅಹಮದಾಬಾದಿನ ಎಹ್ಸಾನ್ ಜಾಫ್ರಿ. ಇಬ್ಬರೂ ವಿರೋಧ ಪಕ್ಷದ ಬೆಂಚಿನಲ್ಲಿ ಕೂತರು. ಮತ್ತೆ ಯಾರೂ ಸುಲಭವಾಗಿ ತುರ್ತು ಪರಿಸ್ಥಿತಿ ಹೇರದಂತೆ ಸಂವಿಧಾನಕ್ಕೆ 44ನೇ ತಿದ್ದುಪಡಿ ತಂದದ್ದು ಆ ಲೋಕಸಭೆಯೇ.

ಜಾಫ್ರಿಯವರ ದಾರಿ ಬೇರೆ. ಬುರ್ಹಾನ್‌ಪುರದಲ್ಲಿ 1929ರಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ಅಹಮದಾಬಾದಿಗೆ ಬಂದವರು. ಕಾರ್ಮಿಕ ಸಂಘಟನೆಯಲ್ಲಿ ದುಡಿದರು, ಜೈಲು ಕಂಡರು, ವಕೀಲರಾದರು, ಉರ್ದುವಿನಲ್ಲಿ ಕವಿತೆ ಬರೆದರು. 1969ರ ಗಲಭೆಯಲ್ಲಿ ಮನೆ ಕಳೆದುಕೊಂಡರೂ ಊರು ಬಿಡಲಿಲ್ಲ. ಅದೇ ಚಮನ್‌ಪುರದಲ್ಲಿ ಗುಲ್ಬರ್ಗ್ ಸೊಸೈಟಿ ಎದ್ದಿತು, ಅಲ್ಲೇ ನೆಲೆಸಿದರು. ಜನರ ನಡುವೆ ಬದುಕಿದ ರಾಜಕಾರಣ ಅವರದು. ಪಟೇಲರದು ಪಕ್ಷದ ಕಚೇರಿಯ ರಾಜಕಾರಣ.

ಪಟೇಲರು 1980 ಮತ್ತು 1984ರಲ್ಲೂ ಭರೂಚ್ ಗೆದ್ದರು. 1985ರಲ್ಲಿ ರಾಜೀವ್ ಗಾಂಧಿ ತಮಗೆ ಮೂವರು ಸಂಸದೀಯ ಕಾರ್ಯದರ್ಶಿಗಳನ್ನು ನೇಮಿಸಿಕೊಂಡರು: ಅರುಣ್ ಸಿಂಗ್, ಅಹ್ಮದ್ ಪಟೇಲ್, ನಮ್ಮ ಉಡುಪಿಯ ಆಸ್ಕರ್ ಫರ್ನಾಂಡಿಸ್. ದಿಲ್ಲಿಯವರು ತಮಾಷೆಗೆ ಈ ಮೂವರನ್ನು ‘ಅಮರ್ ಅಕ್ಬರ್ ಆಂಟನಿ’ ಎಂದು ಕರೆದರು. ತಮಾಷೆ ಇರಲಿ, ಮೂವತ್ತೈದರ ಆಸುಪಾಸಿನಲ್ಲೇ ಪಟೇಲರು ಪ್ರಧಾನಿಯ ಕೋಣೆಯವರೆಗೆ ತಲುಪಿದ್ದರು ಎಂಬುದು ಇದರಿಂದ ಗೊತ್ತಾಗುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಒಂದು ವಿಷಯ ತಿಳಿದುಕೊಳ್ಳಬೇಕು. ‘ಸಂಸದರು ಯಾವ ಮಸೂದೆಗೆ ಹೇಗೆ ಮತ ಹಾಕಿದರು?’ ಎಂದು ಅಮೆರಿಕದಲ್ಲಿ ಕೇಳಿದಷ್ಟು ಸುಲಭವಾಗಿ ನಮ್ಮಲ್ಲಿ ಕೇಳಲಾಗದು. ನಮ್ಮ ಬಹಳಷ್ಟು ಮಸೂದೆಗಳು ಧ್ವನಿಮತದಲ್ಲಿ ಪಾಸಾಗುತ್ತವೆ. ‘ಹೌದು’ ಎಂದವರ ದನಿ ಜೋರಾಗಿತ್ತು ಎಂದು ಸಭಾಧ್ಯಕ್ಷರು ಹೇಳಿದರೆ ಮುಗಿಯಿತು, ಯಾರ ಹೆಸರೂ ದಾಖಲಾಗುವುದಿಲ್ಲ. ಮತ ವಿಭಜನೆ ನಡೆದರೂ ಪಕ್ಷದ ವಿಪ್ ಇರುತ್ತದೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ವಿಪ್ ಮೀರಿದರೆ ಸದಸ್ಯತ್ವವೇ ಹೋಗಬಹುದು. ಹಾಗಾಗಿ ಸಂಸದರ ಮತ ಎಂದರೆ ಬಹುಪಾಲು ಪಕ್ಷದ ಮತವೇ.

ಹಾಗಾದರೆ ಸಂಸದರನ್ನು ಅಳೆಯುವುದು ಹೇಗೆ? ಪಕ್ಷದ ಒಳಗೆ ಏನು ಹೇಳಿದರು, ಯಾವುದಕ್ಕೆ ಪಟ್ಟು ಹಿಡಿದರು, ಯಾವಾಗ ಹೊರನಡೆದರು ಎಂಬುದರಿಂದ. ಶಾ ಬಾನು ಪ್ರಕರಣದ ನಂತರ 1986ರಲ್ಲಿ ಮುಸ್ಲಿಂ ಮಹಿಳೆಯರ ಮಸೂದೆ ಬಂದಾಗ ಆರಿಫ್ ಮೊಹಮ್ಮದ್ ಖಾನ್ ಮಂತ್ರಿ ಪದವಿ ಬಿಟ್ಟು ಹೊರಬಂದರು. ಅವರು ಮಾಡಿದ್ದು ಸರಿಯೋ ತಪ್ಪೋ, ಆ ಚರ್ಚೆ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಆದರೆ ಅವರ ನಿಲುವು ಎಲ್ಲರಿಗೂ ಕಂಡಿತು. ಪಟೇಲರು ಪಕ್ಷದ ಜೊತೆಗೇ ಉಳಿದರು, ಅದೇ ವರ್ಷ ಗುಜರಾತ್ ಕಾಂಗ್ರೆಸ್ಸಿನ ಅಧ್ಯಕ್ಷರೂ ಆದರು. ಪಕ್ಷದ ನಿಲುವೇ ತನ್ನ ನಿಲುವು. ಕೊನೆಯವರೆಗೂ ಅವರು ನಡೆದದ್ದು ಹೀಗೆಯೇ.

1989ರಲ್ಲಿ ಅಯೋಧ್ಯೆಯ ಚಳವಳಿಯ ಗಾಳಿ ಗುಜರಾತಿನಲ್ಲಿ ಜೋರಾಗಿತ್ತು. ಭರೂಚ್‌ನಲ್ಲಿ ಬಿಜೆಪಿಯ ಚಂದುಭಾಯಿ ದೇಶಮುಖ್ ಪಟೇಲರನ್ನು ಸೋಲಿಸಿದರು. 1991ರಲ್ಲೂ ಪಟೇಲರು ಸೋತರು. ಅಂದಿನಿಂದ ಇಂದಿನವರೆಗೆ ಭರೂಚ್ ಬಿಜೆಪಿಯ ಕೈಯಲ್ಲೇ ಇದೆ. ಅಷ್ಟೇ ಅಲ್ಲ, 1984ರ ಪಟೇಲರ ಗೆಲುವಿನ ನಂತರ ಗುಜರಾತಿನಿಂದ ಒಬ್ಬನೇ ಒಬ್ಬ ಮುಸ್ಲಿಮನೂ ಲೋಕಸಭೆಗೆ ಆರಿಸಿ ಹೋಗಿಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದ ನೂರಕ್ಕೆ ಸುಮಾರು ಹತ್ತು ಜನ ಮುಸ್ಲಿಮರು.

ಪಟೇಲರು 1993ರಲ್ಲಿ ರಾಜ್ಯಸಭೆಗೆ ಹೋದರು. ಅಲ್ಲಿಂದ ಐದು ಬಾರಿ ಸತತವಾಗಿ ಅಲ್ಲೇ ಉಳಿದರು. ಜನರ ಮುಂದೆ ನಿಂತು ಮತ ಕೇಳುವ ಕಾಲ ಅವರ ಪಾಲಿಗೆ ಮುಗಿಯಿತು. ಅವರ ನಿಜವಾದ ಅಧಿಕಾರ ಬೆಳೆದದ್ದು ಮಾತ್ರ ಆಮೇಲೆಯೇ. 2001ರಿಂದ ಸೋನಿಯಾ ಗಾಂಧಿಯವರ ರಾಜಕೀಯ ಕಾರ್ಯದರ್ಶಿ. 2004ರಿಂದ 2014ರವರೆಗೆ ಯುಪಿಎ ಸರ್ಕಾರ ಮತ್ತು ಪಕ್ಷದ ನಡುವಿನ ಸೇತುವೆ. ‘ಅಹ್ಮದ್ ಭಾಯಿ’ಗೆ ಒಂದು ಮಾತು ಹೇಳಿದರೆ ಕೆಲಸ ಆಗುತ್ತದೆ ಎಂದು ದೇಶವೇ ನಂಬಿತ್ತು. ತನ್ನನ್ನು ಮುಸ್ಲಿಂ ನಾಯಕ ಎಂದು ಕರೆಸಿಕೊಳ್ಳಲು ಅವರು ಎಂದೂ ಮುಂದಾಗಲಿಲ್ಲ. ಅದನ್ನು ತಪ್ಪು ಎನ್ನಲಾರೆ. ಆದರ್ಶ ಗ್ರಾಮ ಯೋಜನೆಯಲ್ಲಿ ಅವರು ಆರಿಸಿಕೊಂಡದ್ದೂ ನರ್ಮದಾ ಜಿಲ್ಲೆಯ ವಾಂದ್ರಿ ಎಂಬ ಆದಿವಾಸಿ ಹಳ್ಳಿಯನ್ನು. ಪ್ರತಿನಿಧಿ ಎಲ್ಲರಿಗೂ ಸೇರಿದವನು.

ಈಗ ಮತ್ತೆ ಅಹಮದಾಬಾದಿಗೆ ಬನ್ನಿ. 2002ರ ಫೆಬ್ರವರಿ 28. ಗುಂಪು ಗುಲ್ಬರ್ಗ್ ಸೊಸೈಟಿಯನ್ನು ಸುತ್ತುವರಿಯಿತು. ‘ಜಾಫ್ರಿ ಸಾಹೇಬರು ಸಂಸದರಾಗಿದ್ದವರು, ಅವರ ಮನೆ ಸುರಕ್ಷಿತ’ ಎಂದು ನಂಬಿ ಅಕ್ಕಪಕ್ಕದವರು ಅಲ್ಲಿ ಸೇರಿದ್ದರು. ಜಾಫ್ರಿ ಸೇರಿ 69 ಜನರು ಕೊಲೆಯಾದರು. 2016ರಲ್ಲಿ ವಿಶೇಷ ನ್ಯಾಯಾಲಯ 24 ಜನರನ್ನು ತಪ್ಪಿತಸ್ಥರೆಂದು ಹೇಳಿ 36 ಜನರನ್ನು ಬಿಟ್ಟಿತು. ದೊಡ್ಡ ಪಿತೂರಿ ನಡೆದಿದೆ ಎಂದು ಪತ್ನಿ ಝಕಿಯಾ ಜಾಫ್ರಿ ವರ್ಷಗಟ್ಟಲೆ ಕೋರ್ಟು ಅಲೆದರು. ಅದಕ್ಕೆ ಸಾಕ್ಷ್ಯವಿಲ್ಲ ಎಂಬ ವಿಶೇಷ ತನಿಖಾ ತಂಡದ ವರದಿಯನ್ನು ಸುಪ್ರೀಂ ಕೋರ್ಟ್ 2022ರ ಜೂನ್ 24ರಂದು ಎತ್ತಿಹಿಡಿದು ಅವರ ಅರ್ಜಿಯನ್ನು ವಜಾ ಮಾಡಿತು. 2025ರ ಫೆಬ್ರವರಿಯಲ್ಲಿ ಆ ತಾಯಿಯೂ ತೀರಿಕೊಂಡರು.

ಪಟೇಲರ ಲೆಕ್ಕದಲ್ಲಿ ನನಗೆ ಚುಚ್ಚುವ ಪುಟ ಇದರ ಮುಂದಿನದು. 2002ರ ನೋವಿನ ನಂತರ ಕೋಮು ಹಿಂಸೆ ತಡೆಯುವ ಕಾಯ್ದೆ ತರುತ್ತೇವೆ ಎಂದು ಯುಪಿಎ ಮಾತು ಕೊಟ್ಟಿತ್ತು. 2005ರ ಡಿಸೆಂಬರ್‌ನಲ್ಲಿ ಮಸೂದೆ ರಾಜ್ಯಸಭೆಗೆ ಬಂತು. ಅದು ಕಾಯ್ದೆಯಾಗಲಿಲ್ಲ. ಬೇರೆ ರೂಪದಲ್ಲಿ 2014ರ ಫೆಬ್ರವರಿಯಲ್ಲಿ, ಸರ್ಕಾರದ ಕೊನೆಯ ದಿನಗಳಲ್ಲಿ, ಮತ್ತೆ ತರಲು ಹೊರಟರು. ರಾಜ್ಯಗಳ ಅಧಿಕಾರಕ್ಕೆ ಧಕ್ಕೆ ಎಂದು ಬಿಜೆಪಿ ಮಾತ್ರವಲ್ಲ, ಬೇರೆ ಪಕ್ಷಗಳೂ ವಿರೋಧಿಸಿದವು. ಮಂಡನೆಯೇ ಆಗದೆ ಅದು ಬಿದ್ದುಹೋಯಿತು. ಅದೇ ಹತ್ತು ವರ್ಷಗಳಲ್ಲಿ ಮಾಹಿತಿ ಹಕ್ಕು, ಉದ್ಯೋಗ ಖಾತ್ರಿ, ಅರಣ್ಯ ಹಕ್ಕು ಕಾಯ್ದೆಗಳು ಬಂದವು, ಸಾಚಾರ್ ವರದಿ ಬಂತು. ಅಂದರೆ ಮನಸ್ಸು ಮಾಡಿದ ಕೆಲಸಗಳನ್ನು ಆ ಸರ್ಕಾರ ಮಾಡಿತು. 1977ರಲ್ಲಿ ಜಾಫ್ರಿಯವರ ಜೊತೆ ಲೋಕಸಭೆಗೆ ಕಾಲಿಟ್ಟವರು ಸರ್ಕಾರದ ಅಷ್ಟು ಹತ್ತಿರ ಇದ್ದರೂ ಈ ಒಂದು ಕಾಯ್ದೆ ಆಗಲಿಲ್ಲ. ತಪ್ಪು ಒಬ್ಬರದೇ ಎಂದು ನಾನು ಹೇಳುತ್ತಿಲ್ಲ. ಹತ್ತಿರ ಇರುವುದೂ ಕೆಲಸ ಆಗುವುದೂ ಒಂದೇ ಅಲ್ಲ, ಅಷ್ಟೇ.

ಆ ಹತ್ತಿರದ ಕುರ್ಚಿಯೂ ಎಷ್ಟು ಅಲುಗಾಡುತ್ತಿತ್ತು ಎಂಬುದು 2017ರಲ್ಲಿ ಕಂಡಿತು. ಈ ಕಥೆಯ ಒಂದು ಭಾಗ ನಮ್ಮ ಬಿಡದಿಯಲ್ಲೇ ನಡೆಯಿತು. ಐದನೇ ಬಾರಿ ರಾಜ್ಯಸಭೆಗೆ ಪಟೇಲರು ನಿಂತಿದ್ದರು. 57 ಕಾಂಗ್ರೆಸ್ ಶಾಸಕರಲ್ಲಿ ಆರು ಜನ ರಾಜೀನಾಮೆ ಕೊಟ್ಟರು. ಅವರಲ್ಲೇ ಒಬ್ಬರಾದ ಬಲವಂತಸಿಂಹ ರಜಪೂತ್ ಬಿಜೆಪಿಯಿಂದ ಪಟೇಲರ ಎದುರು ನಿಂತರು. ಉಳಿದವರಲ್ಲಿ ನಲವತ್ತಕ್ಕೂ ಹೆಚ್ಚು ಶಾಸಕರನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದು ಬಿಡದಿಯ ಈಗಲ್‌ಟನ್ ರೆಸಾರ್ಟಿನಲ್ಲಿ ಇಟ್ಟರು. ಉಸ್ತುವಾರಿ ಆಗಿನ ಇಂಧನ ಸಚಿವ ಡಿ.ಕೆ. ಶಿವಕುಮಾರ್ ಅವರದು. ಆಗಸ್ಟ್ 2ರಂದು ಅವರಿಗೆ ಸೇರಿದ ಸ್ಥಳಗಳ ಮೇಲೆ ಆದಾಯ ತೆರಿಗೆ ದಾಳಿ ನಡೆಯಿತು. ಅತ್ತ ಗುಜರಾತಿನಲ್ಲಿ ನೆರೆ ಬಂದಿತ್ತು. ಜನ ನೀರಿನಲ್ಲಿರುವಾಗ ಶಾಸಕರು ರೆಸಾರ್ಟಿನಲ್ಲೇ ಎಂಬ ಟೀಕೆ ಬಂತು. ಆ ಟೀಕೆಯಲ್ಲಿ ಹುರುಳಿಲ್ಲ ಎನ್ನಲಾಗದು.

ಆಗಸ್ಟ್ 8ರಂದು 176 ಶಾಸಕರು ಮತ ಹಾಕಿದರು. ಗೆಲ್ಲಲು 45 ಬೇಕು. ಇಬ್ಬರು ಬಂಡಾಯ ಕಾಂಗ್ರೆಸ್ ಶಾಸಕರು ಮತಪತ್ರವನ್ನು ತಮ್ಮ ಪಕ್ಷದ ಏಜೆಂಟರಿಗಲ್ಲದೆ ಬಿಜೆಪಿಯವರಿಗೂ ತೋರಿಸಿದರು ಎಂದು ಕಾಂಗ್ರೆಸ್ ದೂರಿತು. ರಾತ್ರಿಯಿಡೀ ದಿಲ್ಲಿಯ ಚುನಾವಣಾ ಆಯೋಗದ ಬಾಗಿಲಿಗೆ ಎರಡೂ ಪಕ್ಷಗಳ ಓಡಾಟ. ಕೊನೆಗೆ ಆಯೋಗ ಆ ಎರಡು ಮತಗಳನ್ನು ರದ್ದು ಮಾಡಿತು. 174 ಮತಗಳಾದ ಮೇಲೆ ಬೇಕಾದದ್ದು 44. ಅಮಿತ್ ಶಾ 46, ಸ್ಮೃತಿ ಇರಾನಿ 46, ರಜಪೂತ್ 38, ಅಹ್ಮದ್ ಪಟೇಲ್ ಸರಿಯಾಗಿ 44. ಭರೂಚ್ ಜಿಲ್ಲೆಯ ಆದಿವಾಸಿ ನಾಯಕ ಛೋಟು ವಸಾವಾ ತಮ್ಮ ಮತ ಪಟೇಲರಿಗೆ ಎಂದು ಹೇಳಿದರು. ಅವರೊಬ್ಬರು ಕೈಬಿಟ್ಟಿದ್ದರೂ ಆ ರಾತ್ರಿಯ ಲೆಕ್ಕ ಏರುಪೇರಾಗುತ್ತಿತ್ತು.

ಅದೇ ಡಿಸೆಂಬರ್‌ನಲ್ಲಿ ವಿಧಾನಸಭೆ ಚುನಾವಣೆ. ಸೂರತ್‌ನಲ್ಲಿ ‘ಅಹ್ಮದ್ ಪಟೇಲರನ್ನು ಮುಖ್ಯಮಂತ್ರಿ ಮಾಡಲು ಕಾಂಗ್ರೆಸ್‌ಗೆ ಮತ ಕೊಡಿ’ ಎನ್ನುವ ಅರ್ಥದ ಪೋಸ್ಟರುಗಳು ಕಾಣಿಸಿಕೊಂಡವು. ತಾನು ಎಂದೂ ಆ ಹುದ್ದೆಯ ಅಭ್ಯರ್ಥಿ ಅಲ್ಲ, ಇದು ಅಪಪ್ರಚಾರ ಎಂದು ಪಟೇಲರೇ ಹೇಳಬೇಕಾಯಿತು. ಯೋಚಿಸಿ ನೋಡಿ: ಎಂದೂ ತನ್ನನ್ನು ಮುಸ್ಲಿಂ ನಾಯಕ ಎನ್ನದವರ ಹೆಸರು ಕೊನೆಗೆ ಒಂದು ಹೆದರಿಕೆಯಾಗಿ ಗೋಡೆಗೆ ಹತ್ತಿತು.

2020ರ ನವೆಂಬರ್ 25ರಂದು ಕೋವಿಡ್ ನಂತರದ ತೊಂದರೆಗಳಿಂದ ಅವರು ತೀರಿಕೊಂಡರು. ಪಿರಾಮಣ್‌ನಲ್ಲೇ ದಫನ್ ಆಯಿತು. ಅವರ ಸ್ಥಾನ 2021ರಲ್ಲಿ ಅವಿರೋಧವಾಗಿ ಬಿಜೆಪಿಗೆ ಹೋಯಿತು. 2022ರ ವಿಧಾನಸಭೆಯಲ್ಲಿ 182 ಶಾಸಕರಲ್ಲಿ ಮುಸ್ಲಿಂ ಒಬ್ಬರೇ, ಅಹಮದಾಬಾದಿನ ಜಮಾಲ್‌ಪುರ್-ಖಾಡಿಯಾದ ಇಮ್ರಾನ್ ಖೇಡಾವಾಲಾ. ವಡೋದರಾ, ಸೂರತ್ ನಗರಗಳಿಂದ ಒಬ್ಬರೂ ಇಲ್ಲ. 2024ರಲ್ಲಿ ಸೂರತ್ ಲೋಕಸಭಾ ಕ್ಷೇತ್ರದಲ್ಲಿ ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರ ತಿರಸ್ಕೃತವಾಗಿ, ಉಳಿದವರು ಹಿಂದೆ ಸರಿದು, ಯಾರೂ ಮತ ಹಾಕದೆಯೇ ಬಿಜೆಪಿಯ ಮುಕೇಶ್ ದಲಾಲ್ ಸಂಸದರಾದರು. ಅಲ್ಲಿ ಯಾವ ಧರ್ಮದವರಿಗೂ ಬೆರಳಿಗೆ ಶಾಯಿ ಹತ್ತಲಿಲ್ಲ.

ಈಗ ಮೊದಲಿನ ಮಾತಿಗೆ ಬರೋಣ. ‘ನಮ್ಮವರು ಮೇಲೆ ಇದ್ದಾರಲ್ಲ.’ ಪಟೇಲರು ಮೇಲೆ ಇದ್ದರು, ನಿಷ್ಠೆಯಿಂದ ಇದ್ದರು, ಅನೇಕರಿಗೆ ನೆರವಾದರು. ಆದರೆ 1989ರಲ್ಲಿ ಭರೂಚ್‌ನಲ್ಲಿ ಕಡಿದುಹೋದ ಕೊಂಡಿಯನ್ನು ಮತ್ತೆ ಕಟ್ಟುವ ಕೆಲಸ ಅವರಿಂದಲೂ ಆಗಲಿಲ್ಲ, ಅವರ ಪಕ್ಷದಿಂದಲೂ ಆಗಲಿಲ್ಲ. 1977ರಲ್ಲಿ ಅಹಮದಾಬಾದಿನಲ್ಲೂ ಭರೂಚ್‌ನಲ್ಲೂ ಜಾಫ್ರಿ, ಪಟೇಲರನ್ನು ಗೆಲ್ಲಿಸಿದವರು ಮುಸ್ಲಿಮರಷ್ಟೇ ಅಲ್ಲ. ಹಿಂದೂಗಳು, ದಲಿತರು, ಆದಿವಾಸಿಗಳು, ಗಿರಣಿ ಕಾರ್ಮಿಕರು ಜೊತೆಗೂಡಿದ್ದರು. ಆ ಜೊತೆ ಒಡೆದ ಮೇಲೆ ದಿಲ್ಲಿಯ ಒಂದು ಕುರ್ಚಿ ಅದನ್ನು ತುಂಬಿಕೊಡಲಿಲ್ಲ.

ಹಾಗಾಗಿ ನಿಮ್ಮ ಊರಿನ ಶಾಸಕರೋ ಸಂಸದರೋ ಮುಂದಿನ ಸಲ ಮತ ಕೇಳಲು ಬಂದರೆ, ಅವರು ಯಾವ ಜಾತಿಯವರೇ ಆಗಿರಲಿ, ಯಾವ ಧರ್ಮದವರೇ ಆಗಿರಲಿ, ಯಾರಿಗೆ ಹತ್ತಿರ ಎಂದು ಕೇಳಬೇಡಿ. ಯಾವ ಮಸೂದೆಯ ಮೇಲೆ ಮಾತಾಡಿದಿರಿ, ಯಾವಾಗ ಸುಮ್ಮನಿದ್ದಿರಿ, ಯಾಕೆ ಎಂದು ಕೇಳಿ. ಲೋಕಸಭೆ ಮತ್ತು ರಾಜ್ಯಸಭೆಯ ಚರ್ಚೆಗಳು ಇಂದು ಯಾರು ಬೇಕಾದರೂ ಓದಬಹುದು. ಓದಿ, ನೆರೆಹೊರೆಯವರ ಜೊತೆ ಕೂತು ಮಾತಾಡಿ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ ಎಂದು ಇವತ್ತೇ ನೋಡಿ.