ತುಟಿಗೆ ಬಂದ ಸರ್ಪ

ಸೊರಬ ತಾಲ್ಲೂಕಿನ ಕುಬಟೂರನ್ನು ಚಂದ್ರಹಾಸನ ಕುಂತಳನಗರವೆಂದು ಐತಿಹ್ಯ ಗುರುತಿಸುತ್ತದೆ. ದುಷ್ಟಬುದ್ಧಿಯ ಓಲೆಯಲ್ಲಿದ್ದ ‘ವಿಷ’ವನ್ನು ಅವನ ಮಗಳೇ ತಿದ್ದಿ ತನ್ನ ಹೆಸರಾದ ‘ವಿಷಯೆ’ ಮಾಡಿ, ಚಂದ್ರಹಾಸನ ಕೈಹಿಡಿದ ಕತೆ ಯಾರಿಗೆ ಗೊತ್ತಿಲ್ಲ? ಊರಿನ ಹೆಸರೂ ಹಾಗೆಯೇ ಮಾರ್ಪಟ್ಟಿದೆ. ಶಾಸನಗಳ ಕುಪ್ಪಟೂರು ಇಂದು ಕುಬಟೂರು. ಒಂದಕ್ಷರ ಬದಲಾಗಿ ಗುರುತೇ ಸಿಗದಂತಾದ ಇನ್ನೊಂದು ಪದ, ಗುಳ್ಳೆರೋಗದ ಹೆಸರಾದ ‘ಹರ್ಪಿಸ್’.

ಅದರ ಬೇರು ಗ್ರೀಕಿನ ‘ಹೆರ್ಪೆಯ್ನ್’, ಎಂದರೆ ತೆವಳುವುದು. ಸಂಸ್ಕೃತದಲ್ಲಿ ಪದದ ಮೊದಲಿಗೆ ‘ಸ’ ಇದ್ದಲ್ಲಿ ಗ್ರೀಕಿನಲ್ಲಿ ಎಷ್ಟೋ ಕಡೆ ‘ಹ’ ಕಾಣುತ್ತದೆ. ನಮ್ಮ ಸಪ್ತ ಅಲ್ಲಿ ಹೆಪ್ತ. ಹರ್ಪಿಸ್‌ನ ಹಕಾರ ತೆಗೆದು ಸಕಾರ ಇಟ್ಟು ನೋಡಿ, ಸರ್ಪ ಹೆಡೆಯೆತ್ತುತ್ತದೆ. ಎರಡೂ ಒಂದೇ ಮೂಲದವು. ಆಯುರ್ವೇದದ ‘ವಿಸರ್ಪ’ ಎಂಬ ಚರ್ಮರೋಗದ ಹೆಸರೂ ಅದೇ ಕುಲದ್ದು. ಪಾವನ್ನು ಹಾವು ಮಾಡಿಕೊಂಡ ಕನ್ನಡಿಗರಿಗೆ ಇದೇನೂ ಸೋಜಿಗವಲ್ಲ, ಅಲ್ಲಿ ಹಕಾರಕ್ಕೆ ಜಾಗ ಬಿಟ್ಟದ್ದು ಪಕಾರ, ಅಷ್ಟೆ.

ಇನ್ನೂ ಸೊಗಸಿನದು ‘ಹರ್ಪಿಸ್ ಜೋಸ್ಟರ್’. ಜೋಸ್ಟರ್ ಎಂದರೆ ಸೊಂಟಪಟ್ಟಿ. ಸರ್ಪ, ಅದರ ಮೇಲೊಂದು ಸುತ್ತು! ನಮ್ಮ ಹಳ್ಳಿಯವರು ಕೆಮ್ಮಣ್ಣು ಹಚ್ಚುವ ಸರ್ಪಸುತ್ತು ಇದೇ. ತಲೆ-ಬಾಲ ಕೂಡಿದರೆ ಆಳು ಉಳಿಯುವುದಿಲ್ಲ ಎಂಬ ಹೆದರಿಕೆ ಬೇರೆ. ಅದು ನರದ ಜಾಡು ಹಿಡಿದು ಸಾಮಾನ್ಯವಾಗಿ ಮೈಯ ಒಂದೇ ಬದಿಗೆ ಏಳುವುದರಿಂದ ತಲೆ-ಬಾಲ ಕೂಡುವ ಪ್ರಮೇಯ ಬರುವುದೇ ಅಪರೂಪ. ಕಾರಣ, ಚಿಕನ್ ಪಾಕ್ಸ್ ತರುವ ವೈರಸ್ಸೇ.

ಅದರ ದಾಯಾದಿ ಹರ್ಪಿಸ್ ಸಿಂಪ್ಲೆಕ್ಸ್ 1. ತುಟಿಯಂಚಿಗೆ ಮೊದಲು ಚುರುಚುರು, ಆಮೇಲೆ ನೀರು ತುಂಬಿದ ಗುಳ್ಳೆಗಳ ಗೊಂಚಲು, ಒಡೆದು ಹಕ್ಕಳೆ, ಹತ್ತು ದಿನದೊಳಗೆ ಮಾಯ. ನಮ್ಮಲ್ಲಿ ಇದಕ್ಕೆ ಹಾವಿನ ಹೆಸರಿಲ್ಲ, ‘ಜ್ವರದ ಗುಳ್ಳೆ’ ಅನ್ನುತ್ತೇವೆ. ನನ್ನ ಮಟ್ಟಿಗೆ ಈ ಹೆಸರು ಅರ್ಧ ಸತ್ಯ. ಜ್ವರ ವೈರಸ್ಸನ್ನು ಹುಟ್ಟಿಸುವುದಿಲ್ಲ, ಎಬ್ಬಿಸುತ್ತದೆ. ಬಿಸಿಲು, ಆಯಾಸ, ಮನಸ್ಸಿನ ಒತ್ತಡವೂ ಎಬ್ಬಿಸುತ್ತವೆ. ಬಹುಪಾಲು ಬಾಲ್ಯದಲ್ಲೇ ಎಂಜಲು, ಮುತ್ತುಗಳ ಮೂಲಕ ಸೇರಿ, ಕಿವಿಯ ಮುಂಭಾಗದಲ್ಲಿ ತಲೆಬುರುಡೆಯೊಳಗಿರುವ ನರಗಂಟಿನಲ್ಲಿ ಅದು ಜೀವಮಾನವಿಡೀ ಮಲಗಿರುತ್ತದೆ. ಎಚ್ಚರವಾದಾಗ ನರದೊಳಗೇ ಹರಿದು ತುಟಿಗೆ ಬರುತ್ತದೆ. ಚರ್ಮವನ್ನಷ್ಟೇ ನೋಡಿ ‘ತೆವಳುವುದು’ ಎಂದ ಗ್ರೀಕ್ ವೈದ್ಯರ ಮಾತು ಒಳಗಿನ ನರಕ್ಕೂ ಒಪ್ಪಿತು!

ವೈದ್ಯರ ಬಾಯಲ್ಲಿ ‘ಹರ್ಪಿಸ್’ ಕೇಳಿದೊಡನೆ ಮುಖ ಕಪ್ಪಿಡುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ 50 ವರ್ಷದೊಳಗಿನವರಲ್ಲಿ ಮೂವರಲ್ಲಿ ಇಬ್ಬರಿಗೆ ಈ ವೈರಸ್ ಇದೆ. ನಾಚಿಕೆಪಡುವ ಮಾತೇ ಅಲ್ಲ. ಚುರುಚುರು ಶುರುವಾದಾಗಲೇ ವೈದ್ಯರನ್ನು ಕೇಳಿ ಅಸೈಕ್ಲೊವಿರ್ ಹಿಡಿದರೆ ಗುಣ ಬೇಗ. ಗುಳ್ಳೆ ಮುಟ್ಟಿದ ಕೈ ಕಣ್ಣಿಗೆ ಹೋಗದಿರಲಿ. ಬಾಣಂತಿ ಮನೆಗೆ ಹೋದಾಗ ತುಟಿಯಲ್ಲಿ ಗುಳ್ಳೆಯಿದ್ದರೆ, ಎಷ್ಟೇ ಮುದ್ದು ಬಂದರೂ ಹಸುಗೂಸಿಗೆ ಮುತ್ತಿಡಬೇಡಿ. ಅದಕ್ಕೆ ಈ ವೈರಸ್ ಪ್ರಾಣಾಂತಿಕವಾಗಬಲ್ಲುದು.